ಸಿಂಗಾನಲ್ಲೂರಿನ ಹಿರಣ್ಯಕಶಿಪು: ರಾಜ್‌ಕುಮಾರ್ ನುಡಿನಮನಗಳಿಗೆ ಒಂದು ಟಿಪ್ಪಣಿ

ಏಪ್ರಿಲ್ ಬಂತೆಂದರೆ ಡಾ. ರಾಜ್‌ಕುಮಾರ್ ಅವರ ನುಡಿನಮನಗಳ ಸುಗ್ಗಿ. 12ರಂದು ಪುಣ್ಯತಿಥಿ, 24ರಂದು ಹುಟ್ಟಿದ ದಿನ. ಪತ್ರಿಕೆಗಳ ಪುರವಣಿ, ಅಭಿಮಾನಿ ಸಂಘಗಳ ಸ್ಮರಣ ಸಂಚಿಕೆ, ಆರ್ಕೆಸ್ಟ್ರಾ ವೇದಿಕೆಯ ಭಾಷಣ, ಎಲ್ಲದರಲ್ಲೂ ಅವರ ಬದುಕಿನ ದಾರಿ ಹೆಚ್ಚುಕಡಿಮೆ ಒಂದೇ: ಗಾಜನೂರಿನಲ್ಲಿ ಜನನ, ಗುಬ್ಬಿ ಕಂಪನಿಯಲ್ಲಿ ಬಾಲ್ಯ, ಮದ್ರಾಸಿನಲ್ಲಿ ಸಿನಿಮಾ, ಬೆಂಗಳೂರಿನ ಕಂಠೀರವ ಸ್ಟುಡಿಯೋದಲ್ಲಿ ಸಮಾಧಿ. ಈ ದಾರಿಯಲ್ಲಿ ಕೊಳ್ಳೇಗಾಲ ಬರುವುದೇ ಇಲ್ಲ. ಬಂದರೂ ‘ತಂದೆಯವರು ಸಿಂಗಾನಲ್ಲೂರಿನವರು’ ಎಂಬ ಅರ್ಧ ವಾಕ್ಯಕ್ಕೆ ಮುಗಿಯುತ್ತದೆ. ಆ ಅರ್ಧ ವಾಕ್ಯವನ್ನು ಸ್ವಲ್ಪ ಬಿಡಿಸಿ ನೋಡಬೇಕು ಎಂಬುದೇ ಈ ಟಿಪ್ಪಣಿಯ ಉದ್ದೇಶ. ರಾಜ್‌ಕುಮಾರ್ ಅವರನ್ನು ನಟನನ್ನಾಗಿ ಮಾಡಿದ ವಿದ್ಯೆ ತಂದೆಯ ಕಡೆಯದು. ಆ ತಂದೆ ಕೊಳ್ಳೇಗಾಲ ಸೀಮೆಯವರು. ಇವೆರಡನ್ನೂ ಬದಿಗಿಟ್ಟ ಶ್ರದ್ಧಾಂಜಲಿ, ಎಷ್ಟೇ ಪ್ರೀತಿಯಿಂದ ಬರೆದಿದ್ದರೂ, ಅವರ ಕಲೆಯ ಬೇರನ್ನು ಮುಟ್ಟುವುದಿಲ್ಲ.

ಮೊದಲು ಊರಿನ ಮಾತು. ‘ಕನ್ನಡದ ವರನಟ ಹುಟ್ಟಿದ್ದು ತಮಿಳುನಾಡಿನಲ್ಲಿ’ ಎಂಬ ಮಾತನ್ನು ಅಚ್ಚರಿಯ ಸಂಗತಿಯೆಂಬಂತೆ ಮತ್ತೆ ಮತ್ತೆ ಬರೆಯುತ್ತಾರೆ. ದೊಡ್ಡಗಾಜನೂರು ಈಗ ಈರೋಡ್ ಜಿಲ್ಲೆಯ ತಾಳವಾಡಿ ಸೀಮೆಯಲ್ಲಿದೆ ಎಂಬುದು ನಿಜ. ಆದರೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮತ್ತು ಲಕ್ಷ್ಮಮ್ಮ ದಂಪತಿಗೆ ಅಲ್ಲಿ ಮಗ ಹುಟ್ಟಿದ್ದು 1929ರಲ್ಲಿ. ಆಗ ತಮಿಳುನಾಡು ಎಂಬ ರಾಜ್ಯವೂ ಇರಲಿಲ್ಲ, ಕರ್ನಾಟಕ ಎಂಬ ರಾಜ್ಯವೂ ಇರಲಿಲ್ಲ. ತಾಯಿಯ ತವರಾದ ಗಾಜನೂರು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ತಂದೆಯ ಊರಾದ ಸಿಂಗಾನಲ್ಲೂರು ಇದ್ದ ಕೊಳ್ಳೇಗಾಲ ತಾಲ್ಲೂಕೂ ಅದೇ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಎರಡೂ ಊರಿಗೆ ಒಬ್ಬನೇ ಕಲೆಕ್ಟರು. ಇವತ್ತು ಕೊಳ್ಳೇಗಾಲದ ಪಕ್ಕದ ಮನೆಯಂತಿರುವ ಯಳಂದೂರು ಮಾತ್ರ ಆಗ ಬೇರೆ ಆಡಳಿತದ ನೆಲ. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಸಂದ ಅದು ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಹಾಗಾಗಿ ಕೊಳ್ಳೇಗಾಲದವನು ಯಳಂದೂರಿಗೆ ಹೋದರೆ ಬ್ರಿಟಿಷರ ನೆಲ ದಾಟಿ ಮಹಾರಾಜರ ನೆಲಕ್ಕೆ ಕಾಲಿಟ್ಟಂತೆ. ಸಿಂಗಾನಲ್ಲೂರು–ಗಾಜನೂರಿನ ನೆಂಟಸ್ತಿಕೆ ಮಾತ್ರ ಒಂದೇ ಜಿಲ್ಲೆಯೊಳಗಿನ ನೆಂಟಸ್ತಿಕೆ.

ಗೆರೆ ಬಿದ್ದದ್ದು 1956ರ ನವೆಂಬರ್ 1ರಂದು. ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂತು, ಕನ್ನಡ ಮಾತಾಡುವ ತಾಳವಾಡಿ ಭಾಗ ಮದ್ರಾಸಿನಲ್ಲೇ ಉಳಿಯಿತು. ಅಷ್ಟು ಹೊತ್ತಿಗೆ ಮುತ್ತುರಾಜ ‘ಬೇಡರ ಕಣ್ಣಪ್ಪ’ನಾಗಿ, ರಾಜ್‌ಕುಮಾರ್ ಎಂಬ ಹೆಸರು ಪಡೆದು ಎರಡು ವರ್ಷ ಕಳೆದಿತ್ತು. ಅಂದರೆ ಅಪ್ಪನ ಊರು ಒಂದು ರಾಜ್ಯದಲ್ಲಿ, ಅಮ್ಮನ ಊರು ಇನ್ನೊಂದು ರಾಜ್ಯದಲ್ಲಿ ಎಂಬ ಸ್ಥಿತಿ ಬಂದದ್ದು ಅವರು ನಟರಾಗಿ ನೆಲೆ ಕಾಣುತ್ತಿದ್ದ ಹೊತ್ತಿನಲ್ಲಿ. 1956ರ ಗೆರೆಯನ್ನು 1929ರ ತೊಟ್ಟಿಲಿಗೆ ಎಳೆದು ತರುವುದು ಇತಿಹಾಸದ ಕ್ರಮವಲ್ಲ.

ಮುತ್ತುರಾಜ ಎಂಬ ಹೆಸರೂ ಈ ಸೀಮೆಯದೇ. ಮುತ್ತತ್ತಿರಾಯನ ಮೇಲಿನ ಭಕ್ತಿಯಿಂದ ಇಟ್ಟ ಹೆಸರೆಂದು ಹೇಳುತ್ತ ಬಂದಿದ್ದಾರೆ. ಮುತ್ತತ್ತಿ ಕಾವೇರಿ ದಡದಲ್ಲಿದೆ, ಮಳವಳ್ಳಿ ತಾಲ್ಲೂಕಿಗೆ ಸೇರಿದೆ. ಹೊಳೆಯ ಈಚೆ ಕಡೆ ಹಳೆಯ ಕೊಳ್ಳೇಗಾಲ ತಾಲ್ಲೂಕಿನ ಕಾಡು. ಹೊಳೆಯ ಎರಡೂ ಕಡೆಯವರು ಮಕ್ಕಳಿಗೆ ಇಡುವ ಹೆಸರುಗಳಲ್ಲಿ ಈ ಹನುಮಂತರಾಯ ಇಂದಿಗೂ ಇದ್ದಾನೆ. ಇನ್ನು ಎಸ್.ಪಿ., ಅಂದರೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಎಂಬ ಇನಿಷಿಯಲ್ಲು. ಅಣ್ಣನ ಕಥೆ-ಚಿತ್ರಗಳ ಆಯ್ಕೆಯಲ್ಲಿ ಕೊನೆತನಕ ಜತೆಗಿದ್ದು, 2006ರ ಫೆಬ್ರವರಿಯಲ್ಲಿ ಅಣ್ಣನಿಗಿಂತ ಎರಡು ತಿಂಗಳು ಮುಂಚೆ ತೀರಿಕೊಂಡ ತಮ್ಮ ವರದರಾಜು ಅವರ ಹೆಸರಿನ ಹಿಂದೆಯೂ ಇದ್ದದ್ದು ಅದೇ ಎಸ್.ಪಿ. ಗಾಜನೂರಿನ ಮನೆ, ತೋಟ, ನೆನಪು ಎಷ್ಟೇ ಗಾಢವಾಗಿದ್ದರೂ ಅಣ್ಣತಮ್ಮಂದಿರು ಹೊತ್ತದ್ದು ಅಪ್ಪನ ಊರನ್ನು.

ಆ ಅಪ್ಪ ಯಾರು? ನುಡಿನಮನಗಳು ಇಲ್ಲಿ ತೀರಾ ಅವಸರ ಮಾಡುತ್ತವೆ. ಪುಟ್ಟಸ್ವಾಮಯ್ಯ ಬಡ ಕುಟುಂಬದ ಕಂಪನಿ ನಟ. 1884ರಲ್ಲಿ ಆರಂಭವಾಗಿ ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಬೆಳೆದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘದಲ್ಲಿ ಅವರು ದುಡಿದರು. ಹೆಸರಾದದ್ದು ರೌದ್ರ ಪಾತ್ರಗಳಿಂದ: ಕಂಸ, ರಾವಣ, ಹಿರಣ್ಯಕಶಿಪು. ಕಂಪನಿ ನಾಟಕದಲ್ಲಿ ಈ ಪಾತ್ರಗಳ ಹೊಣೆ ದೊಡ್ಡದು. ಪರದೆ ಎದ್ದೊಡನೆ ಪಾತ್ರಧಾರಿ ಬರೀ ನಡಿಗೆಯಿಂದಲೇ ರಂಗವನ್ನು ತುಂಬಬೇಕು. ಮೈಕು ಇಲ್ಲದ ಕಾಲದಲ್ಲಿ ನೆಲದ ಕ್ಲಾಸಿನ ಕೊನೆಯ ಸಾಲಿಗೂ ಮಾತು ಕೇಳಬೇಕು. ಮಾತಿನ ನಡುವೆ ಹಾರ್ಮೋನಿಯಂ ಶ್ರುತಿ ಹಿಡಿದ ಕೂಡಲೇ ಅದೇ ಉಸಿರಿನಲ್ಲಿ ಪದ್ಯಕ್ಕೆ ದಾಟಬೇಕು. ರಾತ್ರಿಯೆಲ್ಲ ಇಷ್ಟು ಮಾಡಿ, ಮರುದಿನ ಮತ್ತೆ ಗಂಟಲು ಕೈಕೊಡದಂತೆ ನೋಡಿಕೊಳ್ಳಬೇಕು. ಎಳವೆಯಲ್ಲೇ ಶಾಲೆ ಬಿಟ್ಟ ಮುತ್ತುರಾಜನಿಗೆ ಪಾಠಶಾಲೆಯೆಂದರೆ ಅಪ್ಪನ ಹಿಂದೆ ಕಂಪನಿ ಹೋದ ಮೊಕ್ಕಾಮುಗಳು.

ಈ ಪಾಠದ ಫಲವನ್ನು ಎಲ್ಲಿ ಹುಡುಕಬೇಕು? ಬಹುಪಾಲು ಬರಹಗಾರರು ‘ಬೇಡರ ಕಣ್ಣಪ್ಪ’ಕ್ಕೆ (1954) ಹೋಗುತ್ತಾರೆ. ಅದಕ್ಕೆ ಕಾರಣವೂ ಇದೆ. ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ, ಗುಬ್ಬಿ ವೀರಣ್ಣನವರ ಚಿತ್ರಸಂಸ್ಥೆ ಸೇರಿ ತಯಾರಿಸಿದ ಆ ಚಿತ್ರಕ್ಕೆ ರಂಗಭೂಮಿಯ ಗಂಧ ದಟ್ಟವಾಗಿದೆ. ಅದೇ ಚಿತ್ರದಿಂದ ಬೆಳಕಿಗೆ ಬಂದ ನರಸಿಂಹರಾಜು, ಜಿ.ವಿ. ಅಯ್ಯರ್ ಇಬ್ಬರೂ ಕಂಪನಿಯವರೇ. ಆದರೆ ಕಣ್ಣಪ್ಪ ಭಕ್ತನ ಪಾತ್ರ, ಕರುಣ ರಸದ್ದು. ಪುಟ್ಟಸ್ವಾಮಯ್ಯನವರ ವಿದ್ಯೆಯನ್ನು ನೇರವಾಗಿ ನೋಡಬೇಕಾದರೆ 1983ರ ‘ಭಕ್ತ ಪ್ರಹ್ಲಾದ’ಕ್ಕೆ ಬರಬೇಕು. ವಿಜಯ್ ನಿರ್ದೇಶನದ ಈ ಚಿತ್ರದಲ್ಲಿ ಹಿರಣ್ಯಕಶಿಪು ರಾಜ್‌ಕುಮಾರ್, ಕಯಾದು ಸರಿತಾ, ನಾರದ ಅನಂತನಾಗ್, ಪ್ರಹ್ಲಾದ ಪುನೀತ್. ಅಪ್ಪ ರಂಗದ ಮೇಲೆ ಮಾಡಿದ ಪಾತ್ರವನ್ನು ಮಗ ತೆರೆಯ ಮೇಲೆ ಮಾಡಿದ, ಎದುರಿಗೆ ಮೊಮ್ಮಗ ನಿಂತ. ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಒಂದೇ ಮನೆತನದ ಮೂರು ತಲೆಮಾರು ಹೀಗೆ ಒಂದು ಪಾತ್ರದ ಸುತ್ತ ಕೂಡಿದ ಇನ್ನೊಂದು ನಿದರ್ಶನ ನನ್ನ ಗಮನಕ್ಕೆ ಬಂದಿಲ್ಲ.

ಆ ಹಿರಣ್ಯಕಶಿಪುವನ್ನು ಹತ್ತಿರದಿಂದ ನೋಡಿ. ಗದೆ ಹೆಗಲ ಮೇಲಿದ್ದಾಗ ಅವರ ನಡಿಗೆ ಸಿನಿಮಾದ ನಡಿಗೆಯಲ್ಲ. ಹೆಜ್ಜೆ ಊರಿ, ಅರೆಗಳಿಗೆ ನಿಂತು, ಆಮೇಲೆ ಮುಖ ತಿರುಗಿಸುವುದು ಕಂಪನಿ ರಂಗದ ಪ್ರವೇಶದ ಪದ್ಧತಿ. ಕ್ಯಾಮೆರಾ ಸನಿಹದಲ್ಲೇ ಇದ್ದರೂ ಮಾತಿನ ಕಡೆಯ ಅಕ್ಷರ ಎಲ್ಲೂ ನುಂಗಿಹೋಗುವುದಿಲ್ಲ. ವಾಕ್ಯ ಎಷ್ಟೇ ಉದ್ದವಿರಲಿ, ಕೊನೆಯ ಪದಕ್ಕೆ ಉಸಿರು ಮಿಕ್ಕಿರುತ್ತದೆ. ಆದರೆ ಮಗನ ಮುಖ ನೋಡಿದ ಕ್ಷಣ ಇದೆಲ್ಲ ಕರಗುತ್ತದೆ. ದನಿ ಇಳಿಯುತ್ತದೆ, ಭುಜ ಸಡಿಲವಾಗುತ್ತದೆ, ಲೋಕಕಂಟಕ ರಾಜ ಹೋಗಿ ಮಗನ ಬಾಯಲ್ಲಿ ಒಂದು ಮಾತು ಕೇಳಲು ಕಾತರಿಸುವ ಅಪ್ಪನಷ್ಟೇ ಉಳಿಯುತ್ತಾನೆ. ಆ ಬಾಯಿಂದ ಹರಿಯ ಹೆಸರು ಬಂದಾಗ ಮತ್ತೆ ರೌದ್ರ ಏರುತ್ತದೆ. ಆದರೆ ಅದು ನೊಂದವನ ರೌದ್ರ. ಕಂಬ ಒಡೆಯುವ ಹೊತ್ತಿಗೆ ನೋಡುವವರಿಗೆ ಪ್ರಹ್ಲಾದನ ಮೇಲೆ ಎಷ್ಟು ಮರುಕವೋ ಅಪ್ಪನ ಮೇಲೂ ಅಷ್ಟೇ ಮರುಕ. ಖಳನ ಪಾತ್ರಕ್ಕೆ ಇಷ್ಟು ವಾತ್ಸಲ್ಯ ತುಂಬಿದ ನಟ ಕನ್ನಡ ಪೌರಾಣಿಕ ಚಿತ್ರಗಳಲ್ಲಿ ಇನ್ನೊಬ್ಬರಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಅಭಿಮಾನದಿಂದ ಹೇಳುತ್ತಿದ್ದೇನೆ, ಪರೀಕ್ಷಿಸಿಯೂ ಹೇಳುತ್ತಿದ್ದೇನೆ.

ಉಚ್ಚಾರಣೆಯ ವಿಷಯಕ್ಕೂ ಇಲ್ಲೇ ಬರಬೇಕು. ಕೊಳ್ಳೇಗಾಲ, ಹನೂರು, ಯಳಂದೂರು, ತಾಳವಾಡಿಯ ಆಡುಮಾತಿನಲ್ಲಿ ಪದದ ಮೊದಲ ಹಕಾರ ನಿಲ್ಲುವುದು ಕಷ್ಟ. ಹಾಲು ಆಲಾಗುತ್ತದೆ, ಹಟ್ಟಿ ಅಟ್ಟಿಯಾಗುತ್ತದೆ, ಹೊಳೆ ಒಳೆಯಾಗುತ್ತದೆ. ಮಹಾಪ್ರಾಣಗಳಂತೂ ದೂರವೇ ಉಳಿದವು. ಇಂಥ ನುಡಿಯ ನಡುವೆ ಹುಟ್ಟಿ, ಶಾಲೆಯ ಮೆಟ್ಟಿಲನ್ನು ನೆಟ್ಟಗೆ ಹತ್ತದ ಹುಡುಗನ ಬಾಯಲ್ಲಿ ‘ಮಯೂರ’, ‘ಬಭ್ರುವಾಹನ’, ‘ಕವಿರತ್ನ ಕಾಳಿದಾಸ’ ಚಿತ್ರಗಳ ಸಂಸ್ಕೃತ ಬೆರೆತ ಮಾತುಗಳು ಎಲ್ಲೂ ತೊಡರಲಿಲ್ಲ. ಕನ್ನಡ ಹೇಗೆ ಮಾತಾಡಬೇಕು ಎಂಬುದಕ್ಕೆ ಒಂದು ನಾಡೇ ಅವರನ್ನು ಮಾದರಿಯಾಗಿ ಇಟ್ಟುಕೊಂಡಿತು. ಇದನ್ನು ದೈವದತ್ತ ಎಂದು ಕೈಮುಗಿಯುವವರಿದ್ದಾರೆ. ನಾನು ಕೈಮುಗಿಯುವುದು ಅದರ ಹಿಂದಿನ ದುಡಿಮೆಗೆ. ಕಂಪನಿಯಲ್ಲಿ ಹಿರಿಯರು ಮಾತು ಒಪ್ಪಿಸಿಕೊಳ್ಳುತ್ತಿದ್ದರು, ಅಕ್ಷರ ಜಾರಿದರೆ ಮತ್ತೆ ಮೊದಲಿನಿಂದ ಹೇಳಿಸುತ್ತಿದ್ದರು. ಹೀಗೆ ತಿದ್ದಿಸಿಕೊಂಡವರ ಸಾಲಿನಲ್ಲಿ ಮುತ್ತುರಾಜನೂ ಒಬ್ಬ. ಅವರು ಶಾಸ್ತ್ರೀಯವಾಗಿ ತಿದ್ದಿಕೊಂಡ ನಾಲಗೆಯನ್ನು ಹಳ್ಳಿಗನ ಪಾತ್ರಕ್ಕೆ ಬಂದಾಗ ಮತ್ತೆ ಸಡಿಲಿಸಬಲ್ಲವರಾಗಿದ್ದರು ಎಂಬುದನ್ನೂ ಮರೆಯಬಾರದು. ಎರಡೂ ನುಡಿ ಅವರಿಗೆ ಸ್ವಂತವಾಗಿದ್ದವು.

ಹಾಡಿನದೂ ಅದೇ ಕಥೆ. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಹಾಡಿಸಿದ ಮೇಲೆ ‘ಗಾಯಕ ರಾಜ್‌ಕುಮಾರ್’ ಹುಟ್ಟಿದರೆಂದು ಬರೆಯುವುದು ವಾಡಿಕೆ. ಕಂಪನಿ ನಟನಿಗೆ ಹಾಡುವುದು ಬೇರೆ ವಿದ್ಯೆಯಾಗಿರಲಿಲ್ಲ. ಆ ಹೊತ್ತಿಗೆ ಅವರು ಹಾಡುತ್ತ ಬಂದು ದಶಕಗಳೇ ಆಗಿದ್ದವು, 1956ರ ‘ಓಹಿಲೇಶ್ವರ’ದಲ್ಲೂ ಅವರ ಕಂಠವಿದೆ. ‘ಬಭ್ರುವಾಹನ’ದಲ್ಲಿ (1977) ಅರ್ಜುನ, ಬಭ್ರುವಾಹನ ಎರಡೂ ಪಾತ್ರ ಅವರದೇ. ತಂದೆ-ಮಗ ಹಾಡಿನಲ್ಲೇ ಜಟಾಪಟಿಗೆ ಇಳಿಯುವ ಘಟ್ಟದಲ್ಲಿ ಅರ್ಜುನನಿಗೆ ಪಿ.ಬಿ. ಶ್ರೀನಿವಾಸ್ ದನಿ, ಮಗನಿಗೆ ಸ್ವತಃ ರಾಜ್‌ಕುಮಾರ್ ದನಿ. ನಾಟಕದ ಪದ್ಯದ ವಾಗ್ವಾದವೇ ಅಲ್ಲಿ ಸಿನಿಮಾ ಸಂಗೀತದ ಬಟ್ಟೆ ತೊಟ್ಟಿದೆ. ‘ಜೀವನ ಚೈತ್ರ’ಕ್ಕೆ (1992) ಬಂದ ಗಾಯನದ ರಾಷ್ಟ್ರಪ್ರಶಸ್ತಿಯನ್ನು ಈ ಸಾಲಿನ ಕೊನೆಯಲ್ಲಿಟ್ಟು ನೋಡಿದರೆ ಅದು ಸರಿಯಾಗಿ ಅರ್ಥವಾಗುತ್ತದೆ.

ಈ ಸೀಮೆಗೆ ಇನ್ನೊಂದು ಬಗೆಯ ರಂಗವೂ ಇದೆ. ಮಲೆ ಮಹದೇಶ್ವರನ ಕಥೆಯನ್ನು ಕಂಸಾಳೆಯ ದೇವರಗುಡ್ಡರು, ಮಂಟೇಸ್ವಾಮಿಯ ಕಥೆಯನ್ನು ನೀಲಗಾರರು ರಾತ್ರಿಯಿಡೀ ಹಾಡುತ್ತಾರೆ. ದೇವತೆಗಳನ್ನೇ ಸೆರೆಯಲ್ಲಿಟ್ಟ ಶ್ರವಣ ದೊರೆಯ ದರ್ಪವನ್ನು ದೇವರಗುಡ್ಡ ತನ್ನ ದನಿಯೊಂದರಲ್ಲೇ ಕಣ್ಣಿಗೆ ಕಟ್ಟುವಂತೆ ಮಾಡುತ್ತಾನೆ. ಪುಟ್ಟಸ್ವಾಮಯ್ಯನವರ ರೌದ್ರ ಅಲ್ಲಿಂದ ಬಂತು ಎಂದು ನಾನು ವಾದಿಸುತ್ತಿಲ್ಲ. ಕಂಪನಿ ನಾಟಕದ ಮೂಲಗಳೇ ಬೇರೆ. ದುಷ್ಟ ದೊರೆಯ ಮಾತನ್ನು ಮೈಮರೆತು ಕೇಳುವ ಕಿವಿಗಳು ಈ ಸೀಮೆಯಲ್ಲಿ ಮೊದಲೇ ತಯಾರಿದ್ದವು, ಇಷ್ಟನ್ನು ಧೈರ್ಯವಾಗಿ ಹೇಳಬಹುದು.

ರಾಜ್‌ಕುಮಾರ್ ಅವರ ಬದುಕಿನಲ್ಲಿ ಈ ಸೀಮೆ ಇನ್ನೊಂದು ರೀತಿಯಲ್ಲೂ ಬಂತು. 2000ದ ಜುಲೈ 30ರ ರಾತ್ರಿ ಕಾಡುಗಳ್ಳ ವೀರಪ್ಪನ್ ಗಾಜನೂರಿನಿಂದ ರಾಜ್‌ಕುಮಾರ್ ಅವರನ್ನು ಹೊತ್ತೊಯ್ದ. ಬಿಡುಗಡೆಯಾದದ್ದು ನವೆಂಬರ್ 15ರಂದು, 108 ದಿನಗಳ ಮೇಲೆ. ಆ ಬಗ್ಗೆ ಬೇಕಾದಷ್ಟು ಬರೆದಾಗಿದೆ. ನೆನಪಿಡಬೇಕಾದ ಒಂದು ಸಂಗತಿಯಿದೆ: ವೀರಪ್ಪನ್ ಹುಟ್ಟಿದ ಗೋಪಿನಾಥಂ, ಪುಟ್ಟಸ್ವಾಮಯ್ಯನವರ ಸಿಂಗಾನಲ್ಲೂರು, ಎರಡೂ ಹಳೆಯ ಕೊಳ್ಳೇಗಾಲ ತಾಲ್ಲೂಕಿನ ಊರುಗಳು. ವೀರಪ್ಪನ್ ಇಟ್ಟ ಬೇಡಿಕೆಗಳಲ್ಲಿ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಕೈದಿಗಳ ಬಿಡುಗಡೆಯೂ ಒಂದು. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರು, 1992ರಲ್ಲಿ ಹನೂರು ಕಡೆಯ ಮೀಣ್ಯಂ ಬಳಿ ಕೊಲೆಯಾದ ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹ್ಮದ್ ಅವರ ತಂದೆ. ನವೆಂಬರ್ 7ರಂದು ತೀರ್ಪು ಅವರ ಪರವಾಗಿ ಬಂತು. ಮಗನನ್ನು ಕಳೆದುಕೊಂಡ ಆ ತಂದೆಯ ಅಳಲನ್ನೂ ನಟನನ್ನು ಪ್ರೀತಿಸುವವರು ತಮ್ಮದೆಂದು ತಿಳಿಯಬೇಕು. ರಾಜ್‌ಕುಮಾರ್ ಅವರ 108 ದಿನಗಳ ಕಥೆ ಈ ಮಲೆಸೀಮೆಯ ದೊಡ್ಡ ಸಂಕಟದ ಒಂದು ಅಧ್ಯಾಯ ಮಾತ್ರ.

ರಾಜ್‌ಕುಮಾರ್ 2006ರ ಏಪ್ರಿಲ್ 12ರಂದು ತೀರಿಕೊಂಡರು. ಅವರ ಇಚ್ಛೆಯಂತೆ ಕಣ್ಣುಗಳನ್ನು ದಾನ ಮಾಡಲಾಯಿತು. ‘ಅಭಿಮಾನಿ ದೇವರು’ ಎಂದು ಅವರು ಕರೆದ ಜನ ಅಂದಿನಿಂದ ಬರೆಯುತ್ತ, ಹಾಡುತ್ತ, ಅನ್ನದಾನ ಮಾಡುತ್ತ ಬಂದಿದ್ದಾರೆ. ಅದು ಹೀಗೇ ನಡೆಯಲಿ. ಕೊಳ್ಳೇಗಾಲ, ಹನೂರು, ಯಳಂದೂರಿನ ಅಭಿಮಾನಿಗಳಲ್ಲಿ ಒಂದು ಕೋರಿಕೆ ಮಾತ್ರ ಇದೆ. ಕಂಪನಿ ನಾಟಕಗಳ ಕಾಲದ ಕಾಗದಪತ್ರ ನಿಮ್ಮ ಅಜ್ಜಂದಿರ ಪೆಟ್ಟಿಗೆಯಲ್ಲಿ, ಅಟ್ಟದ ಮೇಲೆ ಉಳಿದಿದ್ದೀತು: ನಾಟಕದ ಹ್ಯಾಂಡ್‌ಬಿಲ್ಲು, ಕೈಬರಹದ ಮಾತಿನ ಪುಸ್ತಕ, ಪದ್ಯಗಳ ಮಟ್ಟು ಗುರುತು ಹಾಕಿದ ನೋಟ್‌ಬುಕ್ಕು, ವೇಷ ಹಾಕಿದ ಒಂದು ಹಳೆಯ ಫೋಟೋ. ತೂಕಕ್ಕೆ ಹಾಕುವ ಮೊದಲು ಒಮ್ಮೆ ತೆಗೆದು ನೋಡಿ, ಪ್ರತಿ ಮಾಡಿಸಿ, ಊರಿನ ಗ್ರಂಥಾಲಯಕ್ಕೋ ಹತ್ತಿರದ ಕಾಲೇಜಿನ ಕನ್ನಡ ವಿಭಾಗಕ್ಕೋ ಕೊಡಿ. ಪುಟ್ಟಸ್ವಾಮಯ್ಯನವರ ಹೆಸರಿದ್ದ ಒಂದೇ ಒಂದು ಹ್ಯಾಂಡ್‌ಬಿಲ್ಲು ಸಿಕ್ಕರೂ ಮುಂದಿನ ಏಪ್ರಿಲ್‌ನಲ್ಲಿ ಬರೆಯುವವರಿಗೆ ಅದು ನೂರು ವಿಶೇಷಣಗಳಿಗಿಂತ ಹೆಚ್ಚಿನದನ್ನು ಕೊಡುತ್ತದೆ.