ಚಾಲಕ ನರಕೋಶ

ಬೆನ್ನುಹುರಿಯ ಬೂದುದ್ರವ್ಯದ ಮುಂಗೊಂಬಿನಲ್ಲಿಯೂ ಮಿದುಳುಕಾಂಡದಲ್ಲಿಯೂ ನೆಲೆಸಿದ್ದು, ತನ್ನ ನೀಳತಂತುವಾದ ಆಕ್ಸಾನಿನ ಮೂಲಕ ಸ್ನಾಯುಗಳನ್ನು ನೇರವಾಗಿ ಸಂಕುಚಿಸುವ ನರಕೋಶ. ಮಿದುಳಿನ ಆಜ್ಞೆಯಾಗಲಿ, ಬೆನ್ನುಹುರಿಯ ಪರಾವರ್ತನೆಯಾಗಲಿ ಸ್ನಾಯುವನ್ನು ತಲುಪುವುದು ಇದರ ಮೂಲಕವೇ ಆದ್ದರಿಂದ, 1932ರ ನೊಬೆಲ್ ಪುರಸ್ಕೃತ ಬ್ರಿಟಿಷ್ ಶರೀರಕ್ರಿಯಾ ವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ ಇದನ್ನು ‘ಅಂತಿಮ ಸಾಮಾನ್ಯ ಪಥ’ ಎಂದು ಕರೆದನು.

ಒಂದು ಚಾಲಕ ನರಕೋಶ ಮತ್ತು ಅದರ ಕವಲುಗಳು ತಲುಪುವ ಎಲ್ಲ ಸ್ನಾಯುತಂತುಗಳು ಸೇರಿ ‘ಚಾಲಕ ಘಟಕ’ ಎನಿಸುತ್ತವೆ. ಕಣ್ಣುಗುಡ್ಡೆಯನ್ನು ಹೊರಳಿಸುವ ಸ್ನಾಯುಗಳಲ್ಲಿ ಒಂದು ಘಟಕಕ್ಕೆ ಸುಮಾರು 10 ತಂತುಗಳಷ್ಟೇ ಇರುವುದರಿಂದ ಚಲನೆ ಅತಿ ಸೂಕ್ಷ್ಮವಾಗಿರುತ್ತದೆ. ಮೀನಖಂಡದಲ್ಲಿ ಈ ಸಂಖ್ಯೆ 1000ವನ್ನು ಮೀರಬಹುದು. ನರಾವೇಗವು ಆಕ್ಸಾನಿನ ತುದಿಯನ್ನು ಮುಟ್ಟಿದೊಡನೆ ಸ್ರವಿಸುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವು ಸ್ನಾಯುಪೊರೆಯನ್ನು ಉದ್ರೇಕಿಸಿ, ತಂತುವಿನೊಳಗೆ ಕ್ಯಾಲ್ಸಿಯಂ ಬಿಡುಗಡೆಯಾಗುವಂತೆ ಮಾಡಿ, ಸಂಕೋಚನವನ್ನು ಉಂಟುಮಾಡುತ್ತದೆ. ಹೆಚ್ಚು ಬಲ ಬೇಕಾದಾಗ ಮೊದಲು ಸಣ್ಣ ಘಟಕಗಳೂ ಅನಂತರ ದೊಡ್ಡವೂ ಕಾರ್ಯಪ್ರವೃತ್ತವಾಗುತ್ತವೆ.

ಬೆನ್ನುಹುರಿಯ ಪರಾವರ್ತನೆಗೆ ಮಂಡಿಯ ಚಿಮ್ಮುವಿಕೆ ಒಂದು ಉದಾಹರಣೆ: ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜುವನ್ನು ತಟ್ಟಿದಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗಿ, ಅದರ ಸಂವೇದನೆ ಬೆನ್ನುಹುರಿಯಲ್ಲಿ ಚಾಲಕ ನರಕೋಶವನ್ನು ನೇರವಾಗಿ ಉದ್ರೇಕಿಸುವುದರಿಂದ, ಮಿದುಳಿನ ಅಪ್ಪಣೆಗೆ ಕಾಯದೆಯೇ ಕಾಲು ಮುಂದಕ್ಕೆ ಚಿಮ್ಮುತ್ತದೆ. ಪೋಲಿಯೊ ವೈರಸ್ ಈ ನರಕೋಶಗಳನ್ನು ನಾಶಪಡಿಸಿದಾಗ ಸ್ಪರ್ಶಜ್ಞಾನ ಉಳಿದರೂ ಸ್ನಾಯುಗಳು ಸಡಿಲವಾಗಿ ಕೃಶವಾಗುತ್ತವೆ.