ಎದ್ದು ಹೋದವರ ಹೆಜ್ಜೆಗುರುತು

ಸರ್ಕಾರಿ ದೂರಸಂಪರ್ಕ ಸಂಸ್ಥೆ ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಮರುವರ್ಷ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ವಿ.ಜಿ. ಸಿದ್ಧಾರ್ಥ ತಮ್ಮ ಮೊದಲ ಕೆಫೆ ಕಾಫಿ ಡೇ ತೆರೆದಾಗ ಅದು ಸೈಬರ್ ಕೆಫೆಯೂ ಆಗಿತ್ತು. ಮುಂದಿನ ಕೆಲವೇ ವರ್ಷಗಳಲ್ಲಿ ಎಸ್‌ಟಿಡಿ ಬೂತು, ಜೆರಾಕ್ಸ್ ಅಂಗಡಿಗಳ ಮಗ್ಗುಲಲ್ಲೇ ಸೈಬರ್ ಸೆಂಟರುಗಳು ತಾಲ್ಲೂಕು ಕೇಂದ್ರಗಳನ್ನೂ ಮುಟ್ಟಿದವು. ಪಿಯುಸಿ ಫಲಿತಾಂಶದ ದಿನ ಅಲ್ಲಿ ಕಾಲಿಡಲು ಜಾಗ ಸಿಗುತ್ತಿರಲಿಲ್ಲ.

ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು, ಮನೆಯವರ ಮುಂದೆ ಕೇಳಲಾಗದ ಪ್ರಶ್ನೆಗಳನ್ನೂ ಇಲ್ಲಿಗೇ ತಂದರು. ಮುಟ್ಟು ನಿಂತದ್ದೇಕೆ ಎಂದು ಹುಡುಕುವ ಹುಡುಗಿಗೆ ಪ್ಲೈವುಡ್ ಗೂಡಿನ ಮರೆ ಸಾಕೆನಿಸುತ್ತಿತ್ತು. ಆದರೆ ಅವಳು ಎದ್ದ ಮೇಲೆ ಅದೇ ಕುರ್ಚಿಗೆ ಬಂದವನು ಹುಡುಕುವ ಪೆಟ್ಟಿಗೆಯಲ್ಲಿ ಒಂದು ಅಕ್ಷರ ಒತ್ತಿದರೆ ಸಾಕು, ಅವಳು ಬರೆದ ಸಾಲು ಪೂರ್ತಿಯಾಗಿ ಕೆಳಗಿಳಿಯುತ್ತಿತ್ತು. ಸಣ್ಣ ಊರು, ಹಿಂದಿನ ಗಿರಾಕಿ ಯಾರೆಂದು ಬಾಗಿಲಲ್ಲೇ ನೋಡಿರುತ್ತಿದ್ದ.

ಊರು ದೊಡ್ಡದಾದರೂ ಅಷ್ಟೇ. 2006ರಲ್ಲಿ ಅಮೆರಿಕದ ಎಒಎಲ್ ಕಂಪನಿ ಸುಮಾರು ಆರೂವರೆ ಲಕ್ಷ ಬಳಕೆದಾರರು ಮೂರು ತಿಂಗಳಲ್ಲಿ ಹುಡುಕಿದ್ದನ್ನೆಲ್ಲ, ಹೆಸರಿನ ಬದಲು ಸಂಖ್ಯೆ ಹಾಕಿ ಹೊರಗೆ ಬಿಟ್ಟಿತು. ಹುಡುಕಿದ ಪದಗಳ ಜಾಡು ಹಿಡಿದ ಪತ್ರಕರ್ತರು ಕೆಲವೇ ದಿನಗಳಲ್ಲಿ ವೃದ್ಧೆಯೊಬ್ಬರ ಮನೆ ಬಾಗಿಲಿಗೆ ಹೋಗಿ ನಿಂತರು.

ನಮ್ಮಲ್ಲಿ ಸರ್ಕಾರದ ಚಿಂತೆ ಬೇರೆಯಿತ್ತು. ಕರ್ನಾಟಕ 2004ರಲ್ಲೇ ಸೈಬರ್ ಕೆಫೆಗಳಿಗೆ ನಿಯಮ ತಂದಿತು. 2011ರಲ್ಲಿ ಕೇಂದ್ರವೂ ತಂದಿತು. ಗುರುತಿನ ಚೀಟಿ ತೋರಿಸಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು, ಗೂಡಿನ ಗೋಡೆ ನಾಲ್ಕೂವರೆ ಅಡಿ ಮೀರಬಾರದು, ನೋಡಿದ ಜಾಲತಾಣಗಳ ಇತಿಹಾಸ ಕನಿಷ್ಠ ಒಂದು ವರ್ಷ ಅಂಗಡಿಯಲ್ಲಿರಬೇಕು. ಹಿಡಿಯಬೇಕಾಗಿದ್ದದ್ದು ಅಪರಾಧಿಯನ್ನು, ಸರಿ. ಆದರೆ ಆ ಹುಡುಗಿಯ ಹೆಸರೂ ಅವಳು ಓದಿದ ಪುಟಗಳೂ ಅದೇ ಕೌಂಟರಿನ ಹಿಂದೆ ಉಳಿದವು. ಇದು ಚಿಕ್ಕ ಅನ್ಯಾಯವೇನಲ್ಲ: ಸ್ವಂತ ಕಂಪ್ಯೂಟರ್ ಕೊಂಡವರ ಮನೆಯಲ್ಲಿ ಇಂಥ ರಿಜಿಸ್ಟರ್ ಇರಲಿಲ್ಲ.

2008ರಲ್ಲಿ ಕ್ರೋಮ್ ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿ ಬಂತು. ಕಿಟಕಿ ಮುಚ್ಚಿದರೆ ಆ ಕಂಪ್ಯೂಟರಿನಲ್ಲಿ ಹುಡುಕಾಟದ ಪಟ್ಟಿ ಉಳಿಯದು. ಇಳಿಸಿಕೊಂಡ ಕಡತ ಮಾತ್ರ ಅಲ್ಲೇ ಇರುತ್ತದೆ.

ಈಗ ಹುಡುಕಾಟವೆಲ್ಲ ಮೊಬೈಲಿಗೆ ಬಂದಿದೆ, ಸೈಬರ್ ಸೆಂಟರಿಗೆ ಉಳಿದಿರುವುದು ಅರ್ಜಿ ಮತ್ತು ಪ್ರಿಂಟು. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತು. ಇ-ಆಧಾರನ್ನು ಸಾರ್ವಜನಿಕ ಕಂಪ್ಯೂಟರಿನಲ್ಲಿ ಇಳಿಸಿಕೊಳ್ಳಬೇಡಿ, ಇಳಿಸಿಕೊಂಡರೆ ಪ್ರತಿಗಳನ್ನು ಪೂರ್ತಿ ಅಳಿಸಿ ಎಂಬ ಮಾತು ಅದರಲ್ಲಿತ್ತು. ತಪ್ಪು ಅರ್ಥ ಬರಬಹುದೆಂದು ಕೇಂದ್ರ ಎರಡೇ ದಿನದಲ್ಲಿ ಇಡೀ ಪ್ರಕಟಣೆಯನ್ನು ಹಿಂಪಡೆಯಿತು. ಇ-ಆಧಾರ್ ಕಡತದ ಪಾಸ್‌ವರ್ಡ್ ಎಂದರೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಜೊತೆಗೆ ಹುಟ್ಟಿದ ವರ್ಷ. ಅರ್ಜಿ ತುಂಬಿಸಲು ಬಂದವರು ಅವೆರಡನ್ನೂ ಕೌಂಟರಿನಲ್ಲಿ ಗಟ್ಟಿಯಾಗಿಯೇ ಹೇಳಿರುತ್ತಾರೆ.