ಜಾತ್ರೆಪೇಟೆ (ವಿಜಯಪುರ ಜಿಲ್ಲೆ)

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ದೇವರ ತೇರಿನ ಜೊತೆಗೆ ಕೂಡುವ ತಾತ್ಕಾಲಿಕ ಪೇಟೆ. ಕಾಳುಕಡಿ, ಕಾಯಿಪಲ್ಲೆಗೆ ವಾರದ ಸಂತೆ ಸಾಕು. ಎತ್ತಿನಂಥ ದೊಡ್ಡ ಖರೀದಿಗೆ ರೈತ ಜಾತ್ರೆಯ ದಾರಿ ನೋಡುತ್ತಾನೆ.

ಬಸವನ ಬಾಗೇವಾಡಿಯ ಮೂಲನಂದೀಶ್ವರ ಜಾತ್ರೆ ಶ್ರಾವಣದಲ್ಲಿ, ತಾಳಿಕೋಟೆಯ ಖಾಸ್ಗತೇಶ್ವರ ಜಾತ್ರೆ ಆಷಾಢದಲ್ಲಿ, ದೇವರ ಹಿಪ್ಪರಗಿಯ ರಾವುತರಾಯನ ಜಾತ್ರೆ ದಸರೆಯ ಹೊತ್ತಿಗೆ ನಡೆಯುತ್ತವೆ. ಚಡಚಣದ ಸಂಗಮೇಶ್ವರ ಜಾತ್ರೆ ಚಳಿಗಾಲದ್ದು. ತಾಳಿಕೋಟೆ, ದೇವರ ಹಿಪ್ಪರಗಿ, ಚಡಚಣ ಈಗ ತಾಲ್ಲೂಕು ಕೇಂದ್ರಗಳು. ಮೊದಲು ಕ್ರಮವಾಗಿ ಮುದ್ದೇಬಿಹಾಳ, ಸಿಂದಗಿ, ಇಂಡಿ ತಾಲ್ಲೂಕುಗಳಲ್ಲಿದ್ದವು. ಸಂಕ್ರಾಂತಿಯ ಆಸುಪಾಸಿನಲ್ಲಿ ವಿಜಯಪುರದ ಸಿದ್ಧೇಶ್ವರ ಜಾತ್ರೆಗೂ ಈ ಭಾಗದ ದನಗಳು ಹೋಗುತ್ತವೆ.

ಜಾತ್ರೆಯ ತೂಕ ತಿಳಿಯುವುದು ದನದ ಪೇಟೆಯಲ್ಲೇ. ಬಿಳಿ ಮೈಯ, ಮೇಲಕ್ಕೆ ಬಾಗಿದ ನೀಳ ಕೋಡಿನ ಖಿಲಾರಿ ಹೋರಿಗಳಿಗೆ ಮೊದಲ ಮರ್ಯಾದೆ. ಕೊಳ್ಳುವವನು ತುಟಿ ಸರಿಸಿ ಹಲ್ಲು ಎಣಿಸುತ್ತಾನೆ: ಹಾಲುಹಲ್ಲೋ, ಎರಡು ಹಲ್ಲೋ, ಬಾಯಿಗೂಡಿದ್ದೋ. ಆಮೇಲೆ ಮೈಮೇಲಿನ ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸುತ್ತಾನೆ. ದರ ಮಾತ್ರ ಬಾಯಲ್ಲಿ ಬರುವುದಿಲ್ಲ. ದಲ್ಲಾಳಿ ಟವೆಲ್ಲಿನ ಕೆಳಗೆ ಕೈಹಿಡಿದು ಬೆರಳು ಒತ್ತಿ ಹೇಳುತ್ತಾನೆ. ಸುತ್ತ ನಿಂತವರಿಗೆ ಕಾಣುವುದು ಅಲುಗುವ ಬಟ್ಟೆಯಷ್ಟೇ. ಪಕ್ಕದ ಅಂಗಡಿಗಳಲ್ಲಿ ಹಗ್ಗ, ಮೂಗುದಾರ, ಗೆಜ್ಜೆಸರ, ಬಣ್ಣದ ಗೊಂಡೆ, ಬಾರುಕೋಲು. ತೇರು ಎಳೆಯುವಾಗ ಉತ್ತತ್ತಿ, ಬಾಳೆಹಣ್ಣು ಎಸೆಯುತ್ತಾರೆ. ಮನೆಗೆ ಒಯ್ಯುವ ಫಳಾರ ಎಂದರೆ ಬೆಂಡು, ಬತ್ತಾಸು, ಚುರಮುರಿ, ಪುಟಾಣಿ. ಬಿಸಿ ಮಿರ್ಚಿಭಜಿಯನ್ನು ಅಲ್ಲೇ ನಿಂತು ತಿನ್ನಬೇಕು. ರಾತ್ರಿಗೆ ನಾಟಕ, ಹಗಲಿಗೆ ಜಂಗೀ ಕುಸ್ತಿ.

ಊರ ಶುಭಕಾರ್ಯದಿಂದ ಸಂಸ್ಥೆಯೊಂದಕ್ಕೆ ಹಣ ಹೊಂದಿಸುವ ಪದ್ಧತಿ ಇಲ್ಲಿ ಹಳೆಯದು. ಇಂಡಿ ಬಳಿಯ ಸಾಲೋಟಗಿಯಲ್ಲಿ ಸಿಕ್ಕ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ ಕ್ರಿ.ಶ. 945ರ ಶಾಸನವು ಅಲ್ಲಿನ ವಿದ್ಯಾಶಾಲೆಗೆ ಭೂಮಿಯ ಜೊತೆಗೆ ಮದುವೆ, ಉಪನಯನಗಳ ಸಂದರ್ಭದಲ್ಲಿ ಸಲ್ಲಬೇಕಾದ ಹಣವನ್ನೂ ಗೊತ್ತುಮಾಡಿದೆ. ಜಾತ್ರೆಯ ಅಂಗಡಿಜಾಗದ ಬಾಡಿಗೆ, ಲಿಲಾವು ಆ ಬುದ್ಧಿಯ ದೂರದ ನೆಂಟರೆನ್ನಬಹುದು.

ಯುರೋಪಿನಲ್ಲೂ ಹಬ್ಬದ ಪೇಟೆಗಳಿಗೆ ದೀರ್ಘ ಇತಿಹಾಸವಿದೆ. ಜರ್ಮನಿಯ ಡ್ರೆಸ್ಡೆನ್ ನಗರದ ಕ್ರಿಸ್‌ಮಸ್ ಪೇಟೆಯ ಮೊದಲ ದಾಖಲೆ 1434ರದು. ಎಸ್ಲಿಂಗೆನ್ ಎಂಬ ಹಳೆಯ ಪಟ್ಟಣದಲ್ಲಿ ಕ್ರಿಸ್‌ಮಸ್ ಪೇಟೆಯ ಒಂದು ಭಾಗದ ವ್ಯಾಪಾರಿಗಳು ಮಧ್ಯಯುಗದ ಉಡುಪು ತೊಟ್ಟು ಕೂಡುತ್ತಾರೆ. ಅಲ್ಲಿ ಹಳೆಯ ಕಾಲವನ್ನು ವೇಷವಾಗಿ ತೊಡುತ್ತಾರೆ. ಇಲ್ಲಿ ಟವೆಲ್ಲಿನ ಕೆಳಗಿನ ಬೆರಳಿಗೆ ಇನ್ನೂ ನಿಜವಾದ ಕೆಲಸವಿದೆ.

ಆದರೆ ಆ ಕೆಲಸ ಕಡಿಮೆಯಾಗುತ್ತಿದೆ. ಟ್ರ್ಯಾಕ್ಟರ್ ಬಂದ ಮೇಲೆ ಉಳುಮೆಗೆ ಜೋಡೆತ್ತು ಕಟ್ಟುವವರು ವಿರಳರಾದರು. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಕರ್ನಾಟಕದ ಹಲವೆಡೆ ದನದ ಜಾತ್ರೆಗಳನ್ನು ನಿಷೇಧಿಸಿದ್ದೂ ಪೆಟ್ಟು ಕೊಟ್ಟಿತು. ಒಳ್ಳೆಯ ಖಿಲಾರಿಗೆ ಇನ್ನೂ ಕಿಮ್ಮತ್ತು ಉಳಿದಿದ್ದರೆ ಅದರಲ್ಲಿ ಎತ್ತುಗಳು ಬಂಡಿ ಎಳೆಯುವ ತೆರಬಂಡಿ ಸ್ಪರ್ಧೆಯ ಹುಚ್ಚಿನ ಪಾಲೂ ಇದೆ.